ಗಾಡಿ ಹೂತ್ಕೊಂಡಾಗ್ಲೇ ಗೊತ್ತಾಗೋದು ರ್ಯಾಲಿ ಯಾವ ತರದ್ದು ಅಂತ

ಜೂನ್ ಬಂತು ಅಂದ್ರೆ ನಮ್ಮ ಜೀಪ್ ಗ್ರೂಪಲ್ಲಿ ಆಫ್‌ರೋಡ್ ಇವೆಂಟ್‌ಗಳ ಬಗ್ಗೆ, ಅಂದ್ರೆ ರಸ್ತೆ ಬಿಟ್ಟು ಕೆಸರು ಕಲ್ಲು ಏರಲ್ಲಿ ಗಾಡಿ ಓಡಿಸೋ ಆಟದ ಬಗ್ಗೆ, ಒಂದೇ ಜಗಳ. ಗೋವಾದ ಇವೆಂಟ್ ದೊಡ್ಡದಾ ಕೊಡಗಿಂದು ದೊಡ್ಡದಾ, ಕಂಪನಿಯವ್ರು ಮಾಡೋದು ಬರೀ ಶೋನಾ, ಕೇರಳದವ್ರ ಮುಂದೆ ನಾವು ಏನೂ ಅಲ್ವಾ, ಹೀಗೆ. ಒಬ್ಬ ತನ್ನ ಹಳೇ ವಿಡಿಯೋ ಹಾಕ್ತಾನೆ, ಇನ್ನೊಬ್ಬ ಅದಕ್ಕಿಂತ ಕಡಿದಾದ ಏರಿನ ಫೋಟೋ ಹಾಕ್ತಾನೆ, ಮೂರನೇಯವನು ಬಂದು ಫೋಟೋದಲ್ಲಿ ಏರು ಯಾವತ್ತೂ ಚಪ್ಪಟೆಯಾಗೇ ಕಾಣೋದು ನೀವು ಅಲ್ಲೇ ಬಂದು ನೋಡ್ಬೇಕಿತ್ತು ಅಂತಾನೆ (ಇದು ಮಾತ್ರ ನಿಜ). ಕೊನೆಗೆ ಯಾರೋ ಗುಡ್ ನೈಟ್ ಸ್ಟಿಕ್ಕರ್ ಹಾಕಿ ಮುಗಿಸ್ತಾರೆ.

ನನ್ನ ಲೆಕ್ಕ ಬೇರೆ ಇದೆ. ಏರು ಎಷ್ಟು ಡಿಗ್ರಿ, ನೀರು ಎಷ್ಟು ಅಡಿ, ಎಷ್ಟು ಗಾಡಿ ಬಂದಿದ್ವು, ಇದ್ಯಾವುದನ್ನೂ ನಾನು ಕೇಳಲ್ಲ. ಒಂದು ಗಾಡಿ ಹೂತ್ಕೊಂಡ್ರೆ ಮುಂದಿನ ಹತ್ತು ನಿಮಿಷ ಅಲ್ಲಿ ಏನು ನಡೆಯುತ್ತೆ ಅಂತ ಕೇಳ್ತೀನಿ. ಆ ಹತ್ತು ನಿಮಿಷ ನೋಡಿದ್ರೆ ಸಾಕು, ಆಯೋಜಕರು ಯಾರು, ಬಂದಿರೋ ಜನ ಎಂಥವ್ರು, ನೆಲದ ಯಜಮಾನನ ಮೇಲೆ ಇವ್ರಿಗೆ ಎಷ್ಟು ಮರ್ಯಾದೆ ಇದೆ, ಎಲ್ಲ ಗೊತ್ತಾಗೋಗುತ್ತೆ.

ಮೊದ್ಲು ದೊಡ್ಡವರ ಕಥೆಗೆ ಬರೋಣ. ನಮ್ಮ ದೇಶದಲ್ಲಿ ಆಫ್‌ರೋಡ್ ಅಂದ್ರೆ ಎಲ್ಲರ ಬಾಯಲ್ಲೂ ಬರೋದು ರೇನ್‌ಫಾರೆಸ್ಟ್ ಚಾಲೆಂಜ್. ಮೂಲ ಮಲೇಷ್ಯಾದ್ದು, ಅಲ್ಲಿ 1997ರಲ್ಲಿ ಶುರುವಾಗಿದ್ದು, ವರ್ಷದ ಕೊನೆಯಲ್ಲಿ ಅಲ್ಲಿ ಮಳೆ ಸುರಿಯೋ ಟೈಮಿಗೇ ಇಡ್ತಾರೆ. ಇಲ್ಲಿಗೆ ಬಂದಿದ್ದು 2014ರಲ್ಲಿ, ಗೋವಾಗೆ, ಅದೂ ಮಳೆಗಾಲದಲ್ಲೇ. ಗೋವಾದ ಆ ಕೆಂಪು ಮಣ್ಣು ಮಳೆಗೆ ನೆನೆದ್ರೆ ಏನಾಗುತ್ತೆ ಅಂತ ಮಂಗಳೂರು ಕಾರವಾರದವ್ರಿಗೆ ನಾನು ಹೇಳ್ಬೇಕಾಗಿಲ್ಲ, ಮೇಲೆ ಸಾಬೂನು ಕೆಳಗೆ ಕಲ್ಲು. ಒಂದು ವಾರದ ಹತ್ತಿರ ನಡೆಯುತ್ತೆ, ಡ್ರೈವರ್ ಒಬ್ಬ ಕೋ ಡ್ರೈವರ್ ಒಬ್ಬ, ಒಟ್ಟು 26 ಸ್ಪೆಷಲ್ ಸ್ಟೇಜು (ಗಡಿಯಾರ ಇಟ್ಟು ಓಡಿಸೋ ಹಂತಗಳು), ಗೆದ್ದವ್ರಿಗೆ ಮಲೇಷ್ಯಾದ ಮುಖ್ಯ ಇವೆಂಟ್‌ಗೆ ಎಂಟ್ರಿ. ಕೋ ಡ್ರೈವರ್ ಅಂದ್ರೆ ಪಕ್ಕದಲ್ಲಿ ಕೂತು ಮ್ಯಾಪ್ ನೋಡೋನು ಅಂದ್ಕೋಬೇಡಿ, ಸೊಂಟದ ತನಕ ಕೆಸರಲ್ಲಿ ಇಳಿದು ವಿಂಚ್ (ಹಗ್ಗ ಸುತ್ಕೊಂಡು ಗಾಡೀನ ಎಳೆಯೋ ಮೋಟಾರು) ಹಗ್ಗ ಹೆಗಲ ಮೇಲೆ ಹಾಕ್ಕೊಂಡು ಗುಡ್ಡ ಹತ್ತಿ ಮರಕ್ಕೆ ಕಟ್ಟಿ ವಾಪಸ್ ಓಡಿ ಬರೋನು ಅವ್ನೇ, ನಿಜವಾದ ಅಥ್ಲೀಟ್ ಅವ್ನು, ಆದ್ರೆ ಪೋಸ್ಟರಲ್ಲಿ ಡ್ರೈವರ್ ಮುಖಾನೇ ದೊಡ್ಡದಾಗಿರುತ್ತೆ.

ಅಲ್ಲಿ ಹೂತ್ಕೊಂಡ್ರೆ ಏನು? ಹೂತ್ಕೊಳ್ಳೋದೇ ಆಟ. ಬೇರೆಯವ್ರು ಬಂದು ಎಳೆಯಂಗಿಲ್ಲ, ನಿನ್ನ ವಿಂಚು ನಿನ್ನ ಕೋ ಡ್ರೈವರ್ ನಿನ್ನ ಗಡಿಯಾರ. ಅದಕ್ಕೆ ಅಲ್ಲಿಗೆ ಬರೋ ಗಾಡಿಗಳನ್ನ ರೋಡ್ ಗಾಡಿ ಅಂತ ಕರೆಯೋಕೂ ಆಗಲ್ಲ, ಮಾಮೂಲಿ ಜೀಪಿನ ಚಾಸಿ ಮೇಲೆ ಬೇರೆ ಇಂಜಿನ್ ಬೇರೆ ಆಕ್ಸಲ್ ಪಲ್ಟಿಯಾದ್ರೆ ಕಾಪಾಡೋಕೆ ರೋಲ್ ಕೇಜ್ ಮುಂದೊಂದು ಹಿಂದೊಂದು ವಿಂಚ್. ನನಗೆ ಅದನ್ನ ನೋಡೋಕೆ ಖುಷಿ. ಆದ್ರೆ ನಮ್ಮ ಸಣ್ಣ ಮೀಟ್ ಜೊತೆ ಅದನ್ನ ಹೋಲಿಸೋದು ರಣಜಿ ಮ್ಯಾಚನ್ನ ಊರ ಹಬ್ಬದ ಟೆನಿಸ್ ಬಾಲ್ ಟೂರ್ನಮೆಂಟ್ ಜೊತೆ ಹೋಲಿಸಿದ ಹಾಗೆ, ಎರಡಕ್ಕೂ ಬ್ಯಾಟು ಬೇಕು ಅಷ್ಟೇ.

ಅರುಣಾಚಲದ ದಂಬುಕ್ ಇನ್ನೊಂದು. ಡಿಸೆಂಬರಲ್ಲಿ ಕಿತ್ತಳೆ ಸೀಸನ್ನಿಗೆ ಅಲ್ಲಿ ಹಬ್ಬ ಆಗುತ್ತೆ, ಅದರ ಜೊತೆಗೇ ಜೆಕೆ ಟೈರ್‌ನವ್ರ ಆರೆಂಜ್ ಫೋರ್ ಬೈ ಫೋರ್ ಫ್ಯೂರಿ. ಅಲ್ಲಿ ಕೆಸರಿಗಿಂತ ನದಿ ಪಾತ್ರದ ಗುಂಡುಕಲ್ಲು ಜಾಸ್ತಿ. ನಮ್ಮ ಕಡೆಯಿಂದ ಗಾಡೀನ ಲಾರಿ ಮೇಲೆ ಹಾಕಿ ಕಳಿಸಿ ಹೋಗೋವ್ರಿದ್ದಾರೆ, ಅವ್ರ ಹೆಂಡ್ತಿಯರ ತಾಳ್ಮೆಗೆ ನಮಸ್ಕಾರ. ನಾನು ಹೋಗಿಲ್ಲ, ಹೋಗೋ ಆಸೆ ಇದೆ, ಅಷ್ಟು ದೂರ ಗಾಡಿ ಕಳಿಸೋ ದುಡ್ಡಿಲ್ಲ.

ಇನ್ನು ಈ ಆಟಕ್ಕೆ ತವರುಮನೆ ಅಂತ ಕರೆಯೋ ಅಮೆರಿಕದ ಮೋವಾಬ್. ಯೂಟಾದ ಮರುಭೂಮಿ ಊರು, ಅಲ್ಲಿ 1967ರಿಂದ ಈಸ್ಟರ್ ಜೀಪ್ ಸಫಾರಿ ನಡೀತಾ ಇದೆ, ಈಸ್ಟರ್ ಭಾನುವಾರಕ್ಕೆ ಮುಗಿಯೋ ಹಾಗೆ ಒಂಬತ್ತು ದಿನ. ಡೆನ್ವರಲ್ಲಿರೋ ನಮ್ಮ ಭಾವ ಹೋಗಿ ಬಂದು ಗಂಟೆಗಟ್ಟಲೆ ವೀಡಿಯೋ ಕಾಲಲ್ಲಿ ಹೇಳಿದ್ರು. ಅಲ್ಲಿ ನೆಲ ನಮ್ಮದಕ್ಕೆ ಪೂರ್ತಿ ಉಲ್ಟಾ, ಒಣ ಮರಳುಗಲ್ಲು, ಹೆಸರು ಸ್ಲಿಕ್‌ರಾಕ್ ಅಂತ, ಆದ್ರೆ ಟೈರ್ ಅದನ್ನ ಉಡದ ಹಾಗೆ ಹಿಡ್ಕೊಳ್ಳುತ್ತಂತೆ, ನೆಟ್ಟಗೆ ನಿಂತ ಬಂಡೆ ಮೇಲೆ ಗಾಡಿ ಸುಮ್ನೆ ಹತ್ಕೊಂಡು ಹೋಗುತ್ತಂತೆ. ಹೆಲ್ಸ್ ರಿವೆಂಜ್, ಪಾಯಿಸನ್ ಸ್ಪೈಡರ್ ಅಂತೆಲ್ಲ ಟ್ರೇಲ್‌ಗಳ ಹೆಸರು. ಪ್ರತಿ ಟ್ರೇಲ್‌ಗೂ ಒಂದರಿಂದ ಹತ್ತರವರೆಗೆ ಕಷ್ಟದ ನಂಬರ್ ಕೊಟ್ಟಿರ್ತಾರೆ, ನಿನ್ನ ಗಾಡಿ ಯಾವ ಲೆವೆಲ್ಲು ಅಂತ ನೋಡ್ಕೊಂಡು ಮುಂಚೇನೇ ಹೆಸರು ಬರೆಸ್ಬೇಕು. ಮುಂದೆ ಒಬ್ಬ ಲೀಡರ್, ಕೊನೆಯಲ್ಲಿ ಒಬ್ಬ, ಅವನಿಗೆ ಟೇಲ್ ಗನ್ನರ್ ಅಂತಾರೆ, ನಾವು ಸ್ವೀಪ್ ಅನ್ನೋದು. ಅಲ್ಲಿ ಗಡಿಯಾರ ಇಲ್ಲ, ಪ್ರೈಜ್ ಇಲ್ಲ. ಒಬ್ಬ ಸಿಕ್ಕಾಕ್ಕೊಂಡ್ರೆ ಇಡೀ ಸಾಲು ನಿಲ್ಲುತ್ತೆ, ಎಲ್ಲರೂ ಇಳಿದು ಸ್ಯಾಂಡ್‌ವಿಚ್ ತಿಂತಾ ಸಲಹೆ ಕೊಡ್ತಾರೆ.

ಭಾವ ಹೇಳಿದ್ರಲ್ಲಿ ನನಗೆ ತಲೇಲಿ ಕೂತಿದ್ದು ಬಂಡೆ ಅಲ್ಲ, ಮಣ್ಣು. ಆ ಮರುಭೂಮಿಯ ನೆಲದ ಮೇಲೆ ಕಪ್ಪಗೆ ಒಂದು ಹೊಪ್ಪಳೆ ಇರುತ್ತೆ, ಪಾಚಿ ಕಲ್ಲುಹೂವು ಬ್ಯಾಕ್ಟೀರಿಯಾ ಎಲ್ಲ ಸೇರಿ ಆಗಿರೋ ಜೀವಂತ ಪದರ, ಮರಳು ಗಾಳಿಗೆ ಹಾರಿಹೋಗದ ಹಾಗೆ ಹಿಡಿದಿರೋದೇ ಅದು. ಒಂದು ಸಲ ಚಕ್ರ ಹತ್ತಿದ್ರೆ ಮತ್ತೆ ಬೆಳೆಯೋಕೆ ದಶಕಗಳು ಬೇಕು. ಅದಕ್ಕೆ ದಾರಿ ಬಿಟ್ಟು ಒಂದು ಅಡಿ ಪಕ್ಕಕ್ಕೆ ಹೋದ್ರೂ ಲೀಡರ್ ರೇಡಿಯೋದಲ್ಲಿ ಉಗೀತಾನಂತೆ. ಅಷ್ಟು ದೊಡ್ಡ ಮರುಭೂಮಿ ಇಟ್ಕೊಂಡು ಒಂದು ಅಡಿಗೆ ಅವ್ರು ಇಷ್ಟು ತಲೆ ಕೆಡಿಸ್ಕೊಳ್ತಾರೆ. ನಮ್ಮಲ್ಲಿ ಶೋಲಾ ಹುಲ್ಲುಗಾವಲಿನ ನೆತ್ತಿ ಮೇಲೆ ಥಾರ್ ಓಡಿಸಿ ಗಿರಗಿರ ಸುತ್ತಿಸಿ ಡೋನಟ್ ಹೊಡೆದು ಡ್ರೋನಲ್ಲಿ ರೀಲ್ಸ್ ಮಾಡಿ ಕೆಳಗೆ ನೇಚರ್ ಲವರ್ ಅಂತ ಬರ್ಕೊಳ್ಳೋವ್ರಿದ್ದಾರೆ. ಚಕ್ರ ಹೋದ ಗೆರೇಲಿ ಮುಂದಿನ ಮಳೆಗೆ ನೀರು ಇಳಿಯುತ್ತೆ, ಅದರ ಮುಂದಿನ ಮಳೆಗೆ ಅದು ಕೊರಕಲು. ಆಮೇಲೆ ಅರಣ್ಯ ಇಲಾಖೆ ಗೇಟ್ ಹಾಕಿದ್ರೆ ಅವ್ರಿಗೇ ಬೈಗುಳ.

ಕಂಪನಿಯವ್ರ ಇವೆಂಟ್‌ಗಳ ಬಗ್ಗೆ ನಮ್ಮ ಹಳೇ ಹುಲಿಗಳಿಗೆ ತಾತ್ಸಾರ, ನನಗಿಲ್ಲ. ಮಹೀಂದ್ರಾದವ್ರ ಗ್ರೇಟ್ ಎಸ್ಕೇಪ್ ಇರ್ಬಹುದು, ಟೊಯೊಟಾ ಮಾರುತಿಯವ್ರು ಮಾಡೋ ಡ್ರೈವ್‌ಗಳಿರ್ಬಹುದು, ಹೊಸದಾಗಿ ಗಾಡಿ ತಗೊಂಡವ್ರು ಫೋರ್ ಎಲ್ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಜಾಸ್ತಿ ಬಲ ಕೊಡೋ ಲೋ ಗೇರ್) ಅಂತ ಬರೆದಿರೋ ಆ ಸಣ್ಣ ಲಿವರನ್ನ ಜೀವನದಲ್ಲಿ ಮೊದ್ಲ ಸಲ ಮುಟ್ಟೋದೇ ಅಲ್ಲಿ. ಇಳಿಜಾರಲ್ಲಿ ಕ್ಲಚ್ ತುಳೀಬೇಡಿ, ಸ್ಟಿಯರಿಂಗ್ ಒಳಗೆ ಹೆಬ್ಬೆಟ್ಟು ಸುತ್ತಿ ಹಿಡೀಬೇಡಿ ಕಲ್ಲಿಗೆ ಚಕ್ರ ಬಡಿದ್ರೆ ಸ್ಟಿಯರಿಂಗ್ ತಿರುಗಿ ಬೆರಳು ಮುರಿಯುತ್ತೆ, ಇಂಥದ್ದೆಲ್ಲ ಮಾರ್ಷಲ್‌ಗಳು ಕಿಟಕಿ ಪಕ್ಕ ನಿಂತು ತಾಳ್ಮೆಯಿಂದ ಹೇಳ್ಕೊಡ್ತಾರೆ. 2020ರಲ್ಲಿ ಹೊಸ ಥಾರ್ ಬಂತು, 2023ರಲ್ಲಿ ಜಿಮ್ನಿ ಬಂತು, ಆಮೇಲೆ ಥಾರ್ ರಾಕ್ಸ್ ಬಂತು, ಗಾಡಿ ಇರೋವ್ರು ದಿಢೀರಂತ ಜಾಸ್ತಿಯಾದ್ರು, ಓಡಿಸೋಕೆ ಬರೋವ್ರು ಅಷ್ಟು ಜಾಸ್ತಿಯಾಗ್ಲಿಲ್ಲ. ಅವ್ರೆಲ್ಲ ನೇರ ಬೆಟ್ಟಕ್ಕೆ ಹೋಗೋ ಬದ್ಲು ಒಂದು ದಿನ ಅಲ್ಲಿ ಕಲಿತ್ರೆ ಒಳ್ಳೇದೇ. ಆದ್ರೆ ಅಲ್ಲಿ ಹೂತ್ಕೊಂಡ್ರೆ ಟ್ರ್ಯಾಕ್ಟರ್ ಬರುತ್ತೆ, ಎಳೆಯುತ್ತೆ, ನೆಕ್ಸ್ಟ್ ಅಂತಾರೆ. ಹೇಗೆ ಎತ್ತಿದ್ರು ಅಂತ ಗಾಡಿಯವನಿಗೇ ಗೊತ್ತಾಗಲ್ಲ, ಅದೊಂದು ಕೊರತೆ.

(ಟಿಎಸ್‌ಡಿ, ಅಂದ್ರೆ ಟೈಮ್ ಸ್ಪೀಡ್ ಡಿಸ್ಟೆನ್ಸ್ ರ್ಯಾಲಿ ಬಗ್ಗೆ ಕೇಳೋವ್ರಿಗೆ: ಅದು ಬೇರೆ ಆಟ. ಹೇಳಿದ ಆವರೇಜ್ ಸ್ಪೀಡಲ್ಲಿ ಹೇಳಿದ ಟೈಮಿಗೆ ಹೋಗ್ಬೇಕು, ಬೇಗ ಹೋದ್ರೂ ಪೆನಾಲ್ಟಿ. ಲೆಕ್ಕದ ಮೇಷ್ಟ್ರುಗಳಿಗೆ ಸರಿ, ನನ್ನ ಕೈಲಾಗಲ್ಲ. ಇನ್ನು ಚಿಕ್ಕಮಗಳೂರಿಗೆ ಎಪಿಆರ್‌ಸಿ (ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್) ರ್ಯಾಲಿ ಬಂದು ರ್ಯಾಲಿ ಡ್ರೈವರ್ ಗೌರವ್ ಗಿಲ್ ಕಾಫಿ ತೋಟದ ಮಣ್ಣು ರಸ್ತೆಲಿ ಹಾರಿಸ್ಕೊಂಡು ಹೋಗ್ತಿದ್ದಿದ್ದು ಇನ್ನೂ ಬೇರೆ ಆಟ, ಅದು ಸ್ಪೀಡು. ಕೊಡಗಲ್ಲಿ ಕೊಯ್ಲಾದ ಗದ್ದೇಲಿ ಮಾಡೋ ಆಟೋಕ್ರಾಸೂ ಹಾಗೇ. ನಾವು ಮಾತಾಡ್ತಿರೋದು ನಡ್ಕೊಂಡು ಹೋಗೋವ್ರಿಗಿಂತ ನಿಧಾನ ಹೋಗೋ ಆಟದ ಬಗ್ಗೆ.)

ಈಗ ನನಗೆ ಅತ್ಯಂತ ಇಷ್ಟವಾದ ಜಾತಿಯದ್ದು. ಸಕಲೇಶಪುರ ಮೂಡಿಗೆರೆ ಕೊಡಗಿನ ಕಡೆ ಎಸ್ಟೇಟ್‌ನವ್ರೇ ಸೇರಿ ಮಾಡೋ ಸಣ್ಣ ಮೀಟ್. ಇಪ್ಪತ್ತು ಇಪ್ಪತ್ತೈದು ಗಾಡಿ, ಅದಕ್ಕಿಂತ ಜಾಸ್ತಿ ಬೇಡ. ಟ್ರ್ಯಾಕ್ ಯಾರದ್ದೋ ಸ್ವಂತ ಜಾಗ, ಸಾಮಾನ್ಯವಾಗಿ ಪಾಳು ಬಿಟ್ಟ ಹಡ್ಲು ಗದ್ದೆ, ಅದರ ಪಕ್ಕದ ಹಳ್ಳ, ಹಳ್ಳದಾಚೆ ಒಂದು ಏರು. ಹಡ್ಲು ಅಂದ್ರೆ ಸುಮ್ನೆ ಅಲ್ಲ, ಮೇಲೆ ಹಸಿರು ಹುಲ್ಲು ಕಾಣುತ್ತೆ, ಒಳಗೆ ಸೊಂಟದವರೆಗೆ ಜೌಗು, ಬೆಂಗಳೂರಿನಿಂದ ಬಂದ ಗಾಡಿ ಲಾನ್ ಅಂದ್ಕೊಂಡು ಇಳಿಯುತ್ತೆ, ಮುಗೀತು, ಡೋರ್ ತೆಗೆಯೋಕೂ ಆಗಲ್ಲ.

ಇಂಥದ್ದೊಂದು ಮೀಟಲ್ಲಿ ಗೇಟ್ ಹತ್ರಾನೇ ಪ್ರೆಶರ್ ವಾಷರ್ ಇಟ್ಟಿದ್ರು. ವಾಪಸ್ ಹೋಗೋವಾಗ ತೊಳ್ಕೊಳ್ಳೋಕೆ ಅಂತ ಎಲ್ಲರೂ ಅಂದ್ಕೊಂಡ್ರು, ಅಲ್ಲ, ಒಳಗೆ ಬರೋವಾಗ ತೊಳೀಬೇಕು. ಚಕ್ರ, ಮಡ್‌ಗಾರ್ಡ್ ಒಳಗೆ, ಚಾಸಿ ಕೆಳಗೆ, ಹಿಂದಿನ ವಾರ ಇನ್ನೆಲ್ಲೋ ಓಡಿಸಿ ಒಣಗಿರೋ ಮಣ್ಣು ಎಲ್ಲ ಹೋಗ್ಬೇಕು. ಒಬ್ಬ ಹುಡುಗ ಮುಖ ಸಿಂಡರಿಸ್ದ, ಸಾರ್ ಕೆಸರಾಡೋಕೆ ಬಂದ್ರೆ ತೊಳೆಯೋಕೆ ಹೇಳ್ತೀರಲ್ಲ ಅಂತ. ತೋಟದ ಯಜಮಾನ್ರು ಬೈಲಿಲ್ಲ, ಪಕ್ಕದ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ತೋರಿಸಿದ್ರು. ಮೆಣಸಿಗೆ ಬರೋ ಸೊರಗು ರೋಗ ಮಣ್ಣಲ್ಲಿ ನೀರಲ್ಲಿ ಹರಡೋದು, ಇನ್ನೊಂದು ತೋಟದ ರೋಗದ ಮಣ್ಣು ನಿನ್ನ ಟೈರ್ ಗುಂಡಿಲಿ ಕೂತು ಇಲ್ಲಿಗೆ ಬಂದ್ರೆ ಈ ಮಳೇಲೇ ಬಳ್ಳಿ ಕಪ್ಪಾಗಿ ಎಲೆ ಉದುರಿ ನಿಲ್ಲುತ್ತೆ, ಹೊಸ ಬಳ್ಳಿ ನೆಟ್ರೆ ಸರಿಯಾಗಿ ಫಸಲು ಕೈಗೆ ಬರೋಕೆ ಏಳೆಂಟು ವರ್ಷ ಕಾಯ್ಬೇಕು ಮಗಾ ಅಂದ್ರು. ಹುಡುಗ ಗಪ್‌ಚುಪ್ ಪೈಪ್ ಹಿಡ್ಕೊಂಡ.

ಅದೇ ಮೀಟಲ್ಲಿ ವಿಂಚ್ ಕಟ್ಟೋಕೂ ರೂಲ್ಸು. ಸಿಲ್ವರ್ ಓಕ್‌ಗೆ ಕಟ್ಟಂಗಿಲ್ಲ, ಅದು ನೆಟ್ಟಗೆ ಎತ್ತರ ಬೆಳೆದಿರುತ್ತೆ ಆದ್ರೆ ಪೆಡಸು ಮರ, ಎಳೆತಕ್ಕೆ ಪಟ್ ಅಂತ ಮುರೀಬಹುದು. ಬಳ್ಳಿ ಇರೋ ಮರಕ್ಕೆ ಮೊದಲೇ ಕಟ್ಟಂಗಿಲ್ಲ. ಹಳ್ಳದ ಪಕ್ಕ ಇರೋ ಎರಡು ಹಳೇ ಮರಕ್ಕೆ ಬಿಳಿ ಸುಣ್ಣದಲ್ಲಿ ಗುರುತು ಹಾಕಿದ್ರು, ಅದಕ್ಕೇ ಕಟ್ಬೇಕು, ಅದೂ ಅಗಲದ ಬೆಲ್ಟ್ ಹಾಕಿ, ಬರೀ ಕೇಬಲ್ ಸುತ್ತಿದ್ರೆ ತೊಗಟೆ ಸೀಳಿಹೋಗುತ್ತೆ. ಮತ್ತೆ ಗಾಡಿ ಹೂತ್ಕೊಂಡ್ರೆ ವಿಂಚಿಗಿಂತ ಮೊದ್ಲು ಗುದ್ದಲಿ. ತೋಟದ ಮೇಸ್ತ್ರಿ ಒಬ್ರು, ಅರವತ್ತು ದಾಟಿರ್ಬೇಕು, ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಬಂದು ಎಲ್ಲರಿಗೂ ಸುಮ್ನಿರಿ ಅಂತ ಕೈ ಸನ್ನೆ ಮಾಡಿ, ಚಕ್ರದ ಮುಂದೆ ಅಲ್ಲ, ಚಾಸಿ ಕೆಳಗೆ ಕಚ್ಕೊಂಡಿದ್ದ ಮಣ್ಣನ್ನ ಗುದ್ದಲಿಲಿ ಎಳೆದು ತೆಗೆದ್ರು, ಪಕ್ಕಕ್ಕೆ ಒಂದು ಸಣ್ಣ ಕಾಲುವೆ ಹೊಡೆದು ನಿಂತ ನೀರು ಬಿಟ್ರು, ನೀರಿನ ಜೊತೆ ಕೆಸರಿನ ಹಿಡಿತಾನೂ ಹೋಯ್ತು, ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸಿ ಅಂದ್ರು, ಗಾಡಿ ಫಸ್ಟ್ ಲೋದಲ್ಲಿ ತಾನೇ ಎದ್ದು ಬಂತು. ಮೂವತ್ತು ಸಾವಿರದ ಸ್ನಾರ್ಕಲ್ಲು (ನೀರಿಗಿಳಿದಾಗ ಇಂಜಿನ್ನಿಗೆ ಮೇಲಿಂದ ಗಾಳಿ ಕೊಡೋ ಕೊಳವೆ) ಅದಕ್ಕಿಂತ ದುಬಾರಿ ವಿಂಚು ಎಲ್ಲ ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ವು. ಆಮೇಲೆ ಲೈನ್ ಮನೆ ಪಕ್ಕದ ಶೆಡ್ಡಲ್ಲಿ ಕಡುಬು, ಹಂದಿ ಸಾರು, ತಿನ್ನದವ್ರಿಗೆ ಕಳಲೆ ಪಲ್ಯ. ಇದಕ್ಕೆ ನಾನು ಹತ್ತಕ್ಕೆ ಒಂಬತ್ತೂವರೆ ಕೊಡ್ತೀನಿ, ಉಳಿದ ಅರ್ಧ ಜಿಗಣೆಗೆ ಕಟ್.

ಇದಕ್ಕೆ ತದ್ವಿರುದ್ಧ ಒಂದು ನೋಡಿದ್ದೀನಿ, ಹೆಸರು ಬೇಡ, ಎಲ್ಲಿ ಅಂತಾನೂ ಬೇಡ. ಎಂಟ್ರಿ ಫೀ ಕಟ್ಟೋವಾಗ್ಲೇ ಕೈ ನಡುಗಿತ್ತು. ಟಿ ಶರ್ಟ್ ಚೆನ್ನಾಗಿತ್ತು, ಡಿಜೆ ಇತ್ತು, ಎಂಸಿ ಇದ್ದ, ಆಂಬುಲೆನ್ಸ್ ಇರ್ಲಿಲ್ಲ. ಹಗ್ಗ ಕಟ್ಟಿ ಜನರನ್ನ ದೂರ ನಿಲ್ಲಿಸೋವ್ರು ಯಾರೂ ಇಲ್ಲ, ಟ್ರ್ಯಾಕ್ ಅಂಚಲ್ಲೇ ಮಕ್ಕಳು ಮೊಬೈಲ್ ಹಿಡ್ಕೊಂಡು ನಿಂತಿದ್ವು. ಒಂದು ಗಾಡಿ ಗುಂಡಿಲಿ ಕೂತ್ಕೊಂತು. ಇನ್ನೊಬ್ಬ ಹೀರೋ ರಿವರ್ಸ್ ತಗೊಂಡು ಬಂದು ಟೋ ಬಾಲ್‌ಗೆ ಸ್ಟ್ರಾಪ್ ಸಿಕ್ಕಿಸಿ ರೊಯ್ಯಂತ ಎಳೆದ. ಗೊತ್ತಿಲ್ದವ್ರಿಗೆ ಹೇಳ್ತೀನಿ, ಕೈನೆಟಿಕ್ ರೋಪ್ ಅಂತ ಒಂದು ಬರುತ್ತೆ, ನೈಲಾನ್‌ದು, ಎಳೆದಾಗ ಶೇಕಡ 30ರವರೆಗೆ ಹಿಗ್ಗಿ ಆ ಶಕ್ತಿಲಿ ಗಾಡೀನ ನಯವಾಗಿ ಕೀಳುತ್ತೆ. ಸಾದಾ ಟೋ ಬೆಲ್ಟ್ ಹಿಗ್ಗಲ್ಲ, ಅದನ್ನ ಓಡಿ ಬಂದು ಜರ್ಕ್ ಹೊಡೆದ್ರೆ ಎಲ್ಲೋ ಒಂದು ಕಡೆ ಏನೋ ಮುರೀಲೇಬೇಕು. ಟೋ ಬಾಲ್ ಅಂತೂ ಟ್ರೇಲರ್ ಎಳೆಯೋಕೆ ಇರೋದು, ಜರ್ಕ್ ತಡೆಯೋಕಲ್ಲ, ಅದು ಕಿತ್ತು ಬಂದ್ರೆ ಗುಂಡಿನ ತರ ಹಾರುತ್ತೆ, ಬೇರೆ ದೇಶಗಳಲ್ಲಿ ಇದ್ರಿಂದ ಜನ ಸತ್ತಿದ್ದಾರೆ. ಅವತ್ತು ಬಾಲ್ ಉಳೀತು, ಹೂತಿದ್ದ ಗಾಡಿಯ ಶಾಕಲ್ (ಸ್ಟ್ರಾಪ್ ಸಿಕ್ಕಿಸೋ ಕಬ್ಬಿಣದ ಕೊಂಡಿ) ಕಿತ್ತು ಹಾರಿ ಎಳೀತಿದ್ದ ಗಾಡಿಯ ಹಿಂದಿನ ಗ್ಲಾಸ್ ಪುಡಿ ಮಾಡ್ತು. ಎಂಸಿ ಮೈಕಲ್ಲಿ ಚಪ್ಪಾಳೆ ಕೇಳ್ದ. ನಾನು ನನ್ನ ಜಿಪ್ಸಿ ಸ್ಟಾರ್ಟ್ ಮಾಡಿ ಮನೆಗೆ ಬಂದೆ, ಟಿ ಶರ್ಟ್ ಈಗ ಇಂಜಿನ್ ಒರೆಸೋಕೆ ಇದೆ.

ಹಗ್ಗದ ಮಧ್ಯ ಒಂದು ಒದ್ದೆ ಗೋಣಿಚೀಲ ಹಾಕಿದ್ರೆ ಹಗ್ಗ ತುಂಡಾದ್ರೂ ಅದರ ಭಾರಕ್ಕೆ ನೆಲಕ್ಕೆ ಬೀಳುತ್ತೆ. ಗೋಣಿಚೀಲಕ್ಕೆ ಎಷ್ಟು ಆಗುತ್ತೆ ಸ್ವಾಮಿ? ಡಿಜೆಗೆ ಕೊಟ್ಟಿದ್ರಲ್ಲಿ ಒಂದು ಲೋಡ್ ಬರ್ತಿತ್ತು.

ಕಾನೂನಿನ ವಿಷ್ಯಾನೂ ಇದೆ, ಇದನ್ನ ಯಾವ ಇವೆಂಟ್ ಪೋಸ್ಟರೂ ಹೇಳಲ್ಲ. ಕಂಪನಿ ಕೊಟ್ಟ ಸ್ಪೆಕ್ ಬಿಟ್ಟು ಗಾಡಿ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡ್ತು, ಅದೇ ವರ್ಷದ ತಿದ್ದುಪಡಿಲಿ ಒಂದೊಂದು ಬದಲಾವಣೆಗೂ 5,000 ದಂಡ ಇಲ್ಲ ಆರು ತಿಂಗಳವರೆಗೆ ಜೈಲು ಅಂತ ಬಂತು. ಹಾಗಾಗಿ ಇವೆಂಟಿಗೆ ಅಂತ ಕಟ್ಟಿದ ಗಾಡೀನ ರೋಡಲ್ಲಿ ಓಡಿಸ್ಕೊಂಡು ಹೋಗಿ ಪೊಲೀಸ್ ಹಿಡಿದ್ರೆ ಆಯೋಜಕ ಬರಲ್ಲ. ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ, ರೇಸಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇದಕ್ಕೆಲ್ಲ ಕವರ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಗಡಿಯಾರ ಇಟ್ಟು ಪಾಯಿಂಟ್ ಕೊಡೋ ಇವೆಂಟಲ್ಲಿ ಗಾಡಿ ಪಲ್ಟಿಯಾದ್ರೆ ಕ್ಲೇಮ್ ಆಫೀಸರ್ ಮುಂದೆ ಏನು ಹೇಳ್ತೀರ ಅಂತ ಮೊದ್ಲೇ ಯೋಚ್ನೆ ಮಾಡಿ. ಅರಣ್ಯದೊಳಗೆ ಪರ್ಮಿಷನ್ ಇಲ್ದೆ ನುಗ್ಗೋದು ಅಪರಾಧ, ಅದಕ್ಕೆ ನನ್ನ ಹತ್ರ ಅನುಕಂಪಾನೂ ಇಲ್ಲ.

ನಮ್ಮವ್ರು ಒಂದು ವಿಷ್ಯ ಮರೀತಾರೆ. ಕೊಲ್ಲೂರು ಕಡೆಯಿಂದ ಕೊಡಚಾದ್ರಿಗೆ ಜೀಪ್ ಹೊಡಿಯೋ ಅಣ್ಣಂದಿರನ್ನ ನೋಡಿದ್ದೀರಲ್ಲ? ಹೊರನಾಡಿನ ಹತ್ರ ಕ್ಯಾತನಮಕ್ಕಿಗೆ, ಮಡಿಕೇರಿ ಕಡೆ ಮಾಂದಲಪಟ್ಟಿಗೆ ಹೋಗೋವ್ರನ್ನ? ಸ್ನಾರ್ಕಲ್ ಇಲ್ಲ, ಎರಡೂ ಚಕ್ರ ಒಟ್ಟಿಗೆ ತಿರುಗೋ ಹಾಗೆ ಮಾಡೋ ಡಿಫ್ ಲಾಕ್ ಇಲ್ಲ, ಸವೆದ ಟೈರು, ಹಿಂದೆ ಎಂಟು ಜನ ಪ್ಯಾಸೆಂಜರ್, ಅದ್ರಲ್ಲಿ ಒಬ್ರಿಗೆ ವಾಂತಿ. ಅವ್ರು ಒಂದು ಕೈಲಿ ಸ್ಟಿಯರಿಂಗ್ ತಿರುಗಿಸ್ತಾ ಎದುರಿಗೆ ಬಂದವನಿಗೆ ಜಾಗ ಬಿಡೋಕೆ ರಿವರ್ಸಲ್ಲಿ ಅದೇ ಏರು ಇಳೀತಾರೆ. ಅವ್ರಿಗೆ ಗಾಡಿ ಹೂತ್ಕೊಂಡ್ರೆ ಆ ದಿನದ ದುಡಿಮೆ ಹೋಯ್ತು, ಅದಕ್ಕೆ ಹೂತ್ಕೊಳ್ಳದ ಹಾಗೆ ಲೈನ್ ಹಿಡಿಯೋದು ಅವ್ರಿಗೆ ಗೊತ್ತು. ನಮ್ಮ ಎಷ್ಟೋ ಮೀಟ್‌ಗಳಿಗೆ ಇಂಥವ್ರನ್ನ ಕರೆಯೋದೇ ಇಲ್ಲ, ಕರೆದ್ರೆ ಪಾರ್ಕಿಂಗ್ ತೋರಿಸೋಕೆ. ಮಾರ್ಷಲ್ ಮಾಡಿ ನೋಡಿ ಒಂದು ಸಲ.

ಇನ್ನೊಂದು, ಈ ಆಟದಿಂದ ಏನು ಪ್ರಯೋಜನ ಅಂತ ಮನೇಲಿ ಕೇಳೋವ್ರಿಗೆ ಉತ್ತರ ಬೇಕಿದ್ರೆ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜಾರಿದಾಗ, ಅದೇ ತಿಂಗಳು ಕೇರಳ ಮುಳುಗಿದಾಗ, 2024ರಲ್ಲಿ ವಯನಾಡಿನಲ್ಲಿ, ಮಾಮೂಲಿ ಗಾಡಿ ಹೋಗದ ಕಡೆ ಜನರನ್ನ ಸಾಮಾನನ್ನ ಸಾಗಿಸಿದ್ದು ಈ ಜೀಪುಗಳೇ. ಅಲ್ಲಿ ಯಾರೂ ನಿನ್ನ ಟೈರ್ ಎಷ್ಟು ಇಂಚು ಅಂತ ಕೇಳಲ್ಲ, ಸರಿಯಾಗಿ ಹಗ್ಗ ಕಟ್ಟೋಕೆ ಬರುತ್ತಾ ಅಂತ ನೋಡ್ತಾರೆ. ಆ ಹಗ್ಗ ಕಟ್ಟೋದನ್ನ ಕಲಿಸೋ ಮೀಟು ನನ್ನ ಪ್ರಕಾರ ದೊಡ್ಡ ಮೀಟು, ಹತ್ತೇ ಗಾಡಿ ಬಂದಿದ್ರೂ.

ಈ ಮಳೆಗೆ ನಮ್ಮ ಕಡೆ ಒಂದು ಮಾಡೋ ಮಾತು ನಡೀತಾ ಇದೆ, ಜಾಗದವ್ರು ಒಪ್ಪಿದ್ದಾರೆ, ದಿನ ಇನ್ನೂ ಗೊತ್ತಾಗಿಲ್ಲ. ಫೀ ಊಟದ ಖರ್ಚು ಅಷ್ಟೇ. ಬೆಳಿಗ್ಗೆ ಅರ್ಧ ದಿನ ಬರೀ ರಿಕವರಿ ಪ್ರಾಕ್ಟೀಸ್, ಅಂದ್ರೆ ಹೂತ ಗಾಡಿ ಎತ್ತೋ ಅಭ್ಯಾಸ, ಅದಕ್ಕೆ ಬರದವ್ರಿಗೆ ಮಧ್ಯಾಹ್ನ ಟ್ರ್ಯಾಕ್ ಇಲ್ಲ. ಡ್ರೋನ್ ಒಂದೇ ಒಂದು, ಅದೂ ನಮ್ಮದೇ. ಬರೋವ್ರು ಕಾಮೆಂಟಲ್ಲಿ ಗಾಡಿ ಯಾವ್ದು ಅಂತ ಹಾಕಿ. ಎಂಟಿ ಟೈರ್ (ಕೆಸರಿಗೆ ಅಂತ ಮಾಡಿರೋದು) ಯಾವ್ದು ತಗೊಳ್ಳಲಿ ಅಂತ ದಯವಿಟ್ಟು ಇನ್‌ಬಾಕ್ಸಲ್ಲಿ ಕೇಳ್ಬೇಡಿ, ಅದಕ್ಕಿಂತ ಮೊದ್ಲು ಹೊರಗೆ ಹೋಗಿ ನಿಮ್ಮ ಗಾಡೀಲಿ ಎಳೆಯೋಕೆ ಹುಕ್ ಎಲ್ಲಿದೆ ನೋಡ್ಕೊಂಡು ಬನ್ನಿ, ಮುಂದೆ ಎಷ್ಟು ಹಿಂದೆ ಎಷ್ಟು, ಚಾಸಿಗೆ ಬೋಲ್ಟ್ ಆಗಿದೆಯಾ ಇಲ್ಲ ಅಂಗಡಿಯವನು ಚೆಂದಕ್ಕೆ ಅಂತ ಬಂಪರ್‌ಗೆ ಅಂಟಿಸಿದ್ದಾನಾ ಅಂತ, ಫೋಟೋ ತೆಗೆದು ಕೆಳಗೆ ಹಾಕಿ, ನೋಡಿ ಹೇಳ್ತೀನಿ.